ಮುಕ್ತ ಎಐ ಮಾದರಿಗಳನ್ನು ವ್ಯಾಪಾರಕ್ಕೆ ನಂಬಬಹುದೇ? ರೋಣ, ನರಗುಂದ, ಗಜೇಂದ್ರಗಡದಿಂದ ಒಂದು ಸಮೀಕ್ಷೆ

ರೋಣದ ಅಡತಿ ಅಂಗಡಿಗಳಲ್ಲಿ ಹೆಸರು, ಕಡಲೆ, ಗೋವಿನಜೋಳದ ಲೆಕ್ಕ. ನರಗುಂದದಲ್ಲಿ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿಯ ವ್ಯವಹಾರ, ಜೊತೆಗೆ ಬೀಜ-ಗೊಬ್ಬರದ ಅಂಗಡಿಗಳು. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವ ಮಗ್ಗಗಳು. ಮೂರೂ ಕಡೆ ಸಾಲ ಕೊಡುವ ಪತ್ತಿನ ಸಂಘಗಳು, ಸೌಹಾರ್ದ ಸಹಕಾರಿಗಳು. ಕಸುಬು ಬೇರೆಬೇರೆಯಾದರೂ ಕಾಗದಪತ್ರದ ತೊಡಕು ಎಲ್ಲರಿಗೂ ಒಂದೇ. ಜಿಎಸ್‌ಟಿ ನೋಟಿಸು, ಬ್ಯಾಂಕಿನ ಪತ್ರ, ಕಂಪನಿಯ ಕರಾರು ಬರುವುದು ಇಂಗ್ಲಿಷಿನಲ್ಲಿ. ಹೊರರಾಜ್ಯದ ಖರೀದಿದಾರರ ಜೊತೆ ಮಾತು ಹಿಂದಿಯಲ್ಲೋ ಮರಾಠಿಯಲ್ಲೋ. ರೈತ, ನೇಕಾರ, ಸಾಲಗಾರ ಬಂದು ಕೇಳುವುದು ಮಾತ್ರ ಕನ್ನಡದಲ್ಲಿ. ನಡುವೆ ಕುಳಿತ ಗುಮಾಸ್ತರು ಇಡೀ ದಿನ ಒಂದು ಭಾಷೆಯದನ್ನು ಇನ್ನೊಂದಕ್ಕೆ ತಿರುಗಿಸುತ್ತಲೇ ಇರಬೇಕು.

ಜನರೇಟಿವ್ ಎಐ ಬಲ್ಲೆನೆಂದು ಹೇಳುವುದೂ ಇದೇ ಕೆಲಸವನ್ನು. ಅನುವಾದ, ಸಾರಾಂಶ, ಪತ್ರದ ಕರಡು, ಪ್ರಶ್ನೆಗೆ ಉತ್ತರ. ಹಾಗಾಗಿ ಇದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಮಾತ್ರ ಚರ್ಚಿಸಬೇಕಾದ ವಿಷಯವಲ್ಲ. ಗದಗ ಜಿಲ್ಲೆಯ ಉತ್ತರದ ಈ ಮೂರು ತಾಲೂಕುಗಳಲ್ಲಿ ನಿಂತು ನೋಡಿದರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಯಾವ ಮಾದರಿಯನ್ನು ಬಳಸಬೇಕು? ಅದು ಯಾರ ಸ್ವತ್ತು? ಅದರ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು? ಮಾದರಿ ಮುಕ್ತವಾಗಿದ್ದರೆ ಸಾಕು, ನಂಬಿಕೆ ತಾನಾಗಿ ಬರುತ್ತದೆ ಎನ್ನುವ ವಾದ ಈಚೆಗೆ ಬಹಳ ಕೇಳಿಬರುತ್ತಿದೆ. ಮುಕ್ತತೆ ಬೇಕೇ ಬೇಕು. ಆದರೆ ನಂಬಿಕೆಯನ್ನು ನಾವೇ ಬೇರೆಯಾಗಿ ಸಂಪಾದಿಸಬೇಕಾಗುತ್ತದೆ ಎಂಬುದು ಈ ಬರಹದ ನಿಲುವು.

ಪ್ರಶ್ನೆ ಬೆಳೆದು ಬಂದ ಬಗೆ

ಸಾಫ್ಟ್‌ವೇರನ್ನು ಯಾರು ಬೇಕಾದರೂ ಓದುವ, ತಿದ್ದುವ, ಹಂಚುವ ಹಕ್ಕು ಇರಬೇಕೆಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಲಿನಕ್ಸ್ ಬಂತು. ಈ ಚಳವಳಿ ಕನ್ನಡಿಗರಿಗೆ ದೂರದ್ದೆನಿಸಬಹುದು. ಆದರೆ ಮುಚ್ಚಿದ ತಂತ್ರಾಂಶದ ಕಷ್ಟ ನಮಗೆ ಹೊಸದಲ್ಲ. ಯೂನಿಕೋಡ್ ಬೇರೂರುವ ಮುನ್ನ ಕನ್ನಡದ ಒಂದೊಂದು ಫಾಂಟಿಗೂ ಒಂದೊಂದು ಸಂಕೇತ ವ್ಯವಸ್ಥೆ ಇತ್ತು. ಒಂದು ತಂತ್ರಾಂಶದಲ್ಲಿ ಬೆರಳಚ್ಚಿಸಿದ್ದನ್ನು ಇನ್ನೊಂದರಲ್ಲಿ ತೆರೆದರೆ ಓದಲಾಗದ ಗುರುತುಗಳು ಬರುತ್ತಿದ್ದವು. ಮುದ್ರಣಕ್ಕೆ ಹೆಸರಾದ ಗದಗಿನ ಛಾಪಖಾನೆಗಳಲ್ಲಿ ದುಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ವರ್ಷಗಟ್ಟಲೆ ಬೆರಳಚ್ಚಿಸಿದ ಕನ್ನಡ ಆ ಕಡತಗಳಲ್ಲೇ ಸಿಕ್ಕಿಹಾಕಿಕೊಂಡಿತು.

ರಾಜ್ಯದ ಕೃಷಿ ವ್ಯಾಪಾರಕ್ಕೆ ಎಐ ಕಾಲಿಟ್ಟಿದ್ದು ಚಾಟ್‌ಜಿಪಿಟಿಗಿಂತ ಮೊದಲೇ. 2017ರಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡು ತೊಗರಿಯ ಬೆಲೆ ಮುನ್ಸೂಚನೆಯ ಕೆಲಸಕ್ಕೆ ಕೈಹಾಕಿತು. ಅದು ಅಂಕಿಗಳನ್ನು ಊಹಿಸುವ ಮಾದರಿ, ಭಾಷೆ ಬರೆಯುವುದಲ್ಲ. ಮಾತನಾಡುವ ಯಂತ್ರ ಎಲ್ಲರ ಕೈಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದಾಗ. ಅದಕ್ಕೂ ಕೆಲವು ತಿಂಗಳು ಮುಂಚೆ, ಅದೇ ವರ್ಷದ ಜುಲೈನಲ್ಲಿ, ಜಗತ್ತಿನ ನೂರಾರು ಸಂಶೋಧಕರು ಸೇರಿ ಬ್ಲೂಮ್ ಎಂಬ 17,600 ಕೋಟಿ ಪ್ಯಾರಾಮೀಟರುಗಳ (ಕಲಿತದ್ದನ್ನು ಹಿಡಿದಿಡುವ ಅಂಕಿಗಳ) ಮುಕ್ತ ಮಾದರಿಯನ್ನು ಬಿಡುಗಡೆ ಮಾಡಿದ್ದರು. ಅದು ಕಲಿತ 46 ಭಾಷೆಗಳಲ್ಲಿ ಕನ್ನಡವೂ ಒಂದು, ಪಾಲು ಮಾತ್ರ ಅತ್ಯಲ್ಪ.

ಆಮೇಲೆ ಓಟ ಜೋರಾಯಿತು. 2023ರ ಜುಲೈನಲ್ಲಿ ಮೆಟಾದ ಲಾಮಾ 2, ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಮಿಸ್ಟ್ರಲ್, 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ಆರ್1, ಅದೇ ವರ್ಷದ ಆಗಸ್ಟಿನಲ್ಲಿ ಓಪನ್‌ಎಐನ ಜಿಪಿಟಿ-ಓಎಸ್‌ಎಸ್. ಕನ್ನಡದ ಕೆಲಸವೂ ನಡೆಯಿತು. 2024ರ ಜನವರಿಯಲ್ಲಿ ಟೆನ್ಸೋಯಿಕ್ ತಂಡ ಲಾಮಾ 2ಕ್ಕೆ ಕನ್ನಡ ಕಲಿಸಿ ‘ಕನ್ನಡ ಲಾಮಾ’ ಹೊರತಂದಿತು. ಕಾಗ್ನಿಟಿವ್ ಲ್ಯಾಬ್ ತಂಡದ ‘ಅಂಬಾರಿ’ ಬಂದದ್ದೂ ಅದೇ ತಿಂಗಳಲ್ಲಿ. ಮದ್ರಾಸ್ ಐಐಟಿಯ ಎಐ4ಭಾರತ್ 2023ರಲ್ಲಿ ಕೊಟ್ಟ ಇಂಡಿಕ್‌ಟ್ರಾನ್ಸ್2 ಸಂವಿಧಾನದ 22 ಭಾಷೆಗಳ ನಡುವೆ ಅನುವಾದ ಮಾಡುತ್ತದೆ. ಬೆಂಗಳೂರಿನ ಸರ್ವಂ ಎಐ 2024ರ ಅಕ್ಟೋಬರಿನಲ್ಲಿ, ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆಂದೇ ತಯಾರಿಸಿದ ಸರ್ವಂ-1 ಅನ್ನು ಪ್ರಕಟಿಸಿತು.

‘ಮುಕ್ತ’ ಎಂದರೆ ಎಷ್ಟು ಮುಕ್ತ?

ಇಲ್ಲಿಂದಲೇ ಜಗಳ ಶುರು. ಎಐ ಮಾದರಿಯಲ್ಲಿ ಮೂರು ಪದರಗಳಿವೆ. ಕಲಿತದ್ದನ್ನೆಲ್ಲ ಅಂಕಿಗಳಾಗಿ ಹಿಡಿದಿಟ್ಟ ಕಡತ ಒಂದು, ಇದನ್ನು ವೇಟ್ಸ್ ಎನ್ನುತ್ತಾರೆ. ಕಲಿಸಲು ಬಳಸಿದ ಪ್ರೋಗ್ರಾಮ್ ಇನ್ನೊಂದು. ಕಲಿಕೆಗೆ ಉಣಿಸಿದ ಪಠ್ಯರಾಶಿ ಮೂರನೆಯದು. ಮಾರುಕಟ್ಟೆಯಲ್ಲಿ ಮುಕ್ತವೆಂದು ಹೆಸರಾದ ಮಾದರಿಗಳಲ್ಲಿ ಬಹುಪಾಲು ಕೊಡುವುದು ಮೊದಲನೆಯದನ್ನು ಮಾತ್ರ. ಯಾವ ಪಠ್ಯದಿಂದ ಕಲಿಸಿದೆವು ಎಂಬುದನ್ನು ಹೇಳುವುದಿಲ್ಲ.

ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆ 2024ರ ಅಕ್ಟೋಬರ್ 28ರಂದು ಮುಕ್ತ ಎಐನ ಮೊದಲ ಅಧಿಕೃತ ವ್ಯಾಖ್ಯೆ ಪ್ರಕಟಿಸಿತು. ವೇಟ್ಸ್ ಮತ್ತು ಪ್ರೋಗ್ರಾಮ್ ಪೂರ್ತಿ ಕೊಡಬೇಕು, ಪಠ್ಯರಾಶಿಯ ಬಗ್ಗೆ ಸಾಕಷ್ಟು ವಿವರ ಕೊಡಬೇಕು, ಪಠ್ಯವನ್ನೇ ಕೊಡಬೇಕೆಂದಿಲ್ಲ ಎಂಬುದು ಅದರ ತಿರುಳು. ಪಠ್ಯವಿಲ್ಲದೆ ಮುಕ್ತ ಎನ್ನುವುದೇ ತಪ್ಪೆಂದು ಸ್ವತಂತ್ರ ತಂತ್ರಾಂಶದ ಹಳಬರು ಕಟುವಾಗಿ ವಿರೋಧಿಸಿದರು. ಅಮೆರಿಕದ ಅಲೆನ್ ಸಂಸ್ಥೆಯ ಓಲ್ಮೋ (2024), ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಸಂಸ್ಥೆಗಳ ಅಪರ್ಟಸ್ (2025) ಪಠ್ಯವನ್ನೂ ತೆರೆದಿಟ್ಟು, ಅದು ಸಾಧ್ಯವೆಂದು ತೋರಿಸಿಕೊಟ್ಟಿವೆ.

ವ್ಯಾಪಾರಿಗೆ ಇದರಲ್ಲಿ ತಕ್ಷಣ ಬೇಕಾದದ್ದು ಪರವಾನಗಿಯ ಪುಟ. ಇಂಡಿಕ್‌ಟ್ರಾನ್ಸ್2ಕ್ಕೆ ಎಂಐಟಿ ಪರವಾನಗಿ ಇದೆ. ಅಂಗಡಿಯ ಕೆಲಸಕ್ಕೆ ಬಳಸಲು ಯಾರನ್ನೂ ಕೇಳಬೇಕಿಲ್ಲ. ಮಿಸ್ಟ್ರಲ್‌ನ ಮೊದಲ ಮಾದರಿ ಮತ್ತು ಜಿಪಿಟಿ-ಓಎಸ್‌ಎಸ್, ವ್ಯಾಪಾರದ ಬಳಕೆಗೂ ಬಿಡುವ ಅಪಾಚೆ 2.0 ಪರವಾನಗಿಯ ಅಡಿ ಬಂದಿವೆ. ಲಾಮಾಕ್ಕೆ ಮೆಟಾದ್ದೇ ಷರತ್ತುಗಳಿವೆ. ತಿಂಗಳಿಗೆ 70 ಕೋಟಿಗೂ ಹೆಚ್ಚು ಬಳಕೆದಾರರಿರುವ ಕಂಪನಿಗಳು ಬೇರೆ ಅನುಮತಿ ಪಡೆಯಬೇಕೆನ್ನುವ ಷರತ್ತು ನಮ್ಮ ಊರಿನ ಯಾರಿಗೂ ಅಡ್ಡಿಯಾಗದು. ಆದರೆ ಸರ್ವಂ-1 ಇಳಿಸಿಕೊಳ್ಳಲು ಸಿಗುತ್ತದೆಯಾದರೂ ಅದರ ಪರವಾನಗಿ ವಾಣಿಜ್ಯೇತರ ಬಳಕೆಗೆ ಮಾತ್ರ. ಕನ್ನಡಕ್ಕೆ ಹತ್ತಿರವಾದದ್ದೆಂದು ಅದನ್ನು ಅಡತಿ ಅಂಗಡಿಯ ಕೆಲಸಕ್ಕೆ ಹಚ್ಚುವಂತಿಲ್ಲ. ಅದೇ ಸಂಸ್ಥೆ 2025ರ ಮೇ ತಿಂಗಳಲ್ಲಿ ತಂದ ಸರ್ವಂ-ಎಂಗೆ ಅಪಾಚೆ ಪರವಾನಗಿ ಇದೆ. ಇಳಿಸಿಕೊಳ್ಳಬಹುದು ಎಂಬುದೂ ವ್ಯಾಪಾರಕ್ಕೆ ಬಳಸಬಹುದು ಎಂಬುದೂ ಎರಡು ಬೇರೆ ಮಾತು ಎಂದು ತಿಳಿಯದೆ ಮುಂದೆ ಹೋದವರು ಕಾನೂನಿನ ತೊಂದರೆಗೆ ಸಿಲುಕುತ್ತಾರೆ.

ಬಾಡಿಗೆಗೆ ಪಡೆದರೆ ಸಾಕು ಎನ್ನುವವರು

ಮೊದಲ ಗುಂಪಿನ ವಾದ ಸರಳ. ಮುಚ್ಚಿದ ದೊಡ್ಡ ಮಾದರಿಗಳು ಫೋನಿನಲ್ಲೇ ಸಿಗುತ್ತವೆ, ಕನ್ನಡವನ್ನೂ ಸಾಕಷ್ಟು ಚೆನ್ನಾಗಿ ಬರೆಯುತ್ತವೆ. ತಿಂಗಳ ಚಂದಾ ಕಟ್ಟಿದರೆ ಆಯಿತು. ಕಂಪ್ಯೂಟರ್ ಕೊಳ್ಳುವ, ಅದನ್ನು ನೋಡಿಕೊಳ್ಳಲು ಜನ ಇಡುವ ಗೋಜಿಲ್ಲ. ಒಬ್ಬರೇ ಗುಮಾಸ್ತರಿರುವ ಅಂಗಡಿಗೆ ಈ ವಾದದಲ್ಲಿ ಬಲವಿದೆ. ಸೀರೆಯ ಜಾಹೀರಾತಿಗೆ ನಾಲ್ಕು ಸಾಲು ಬರೆಸಲು ಸ್ವಂತ ಮಾದರಿ ಸ್ಥಾಪಿಸಬೇಕೆಂದು ಯಾರೂ ಹೇಳಲಾರರು.

ತೊಡಕು ಬರುವುದು ಬೇರೆಯವರ ಮಾಹಿತಿ ಕೈಯಲ್ಲಿರುವಾಗ. ಸಾಲಗಾರನ ಆಧಾರ್, ಪಹಣಿ, ಬಾಕಿಯ ಲೆಕ್ಕವನ್ನು ಅಂಟಿಸಿ ನೋಟಿಸು ಬರೆಸಿದರೆ ಆ ಮಾಹಿತಿ ದೂರದ ಸರ್ವರಿಗೆ ಹೋಗುತ್ತದೆ. 2023ರಲ್ಲಿ ಸ್ಯಾಮ್‌ಸಂಗ್ ತನ್ನ ನೌಕರರು ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾದ ಮೇಲೆ ಇಂಥ ಸಾಧನಗಳನ್ನು ನಿಷೇಧಿಸಿತು. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯವೂ ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬೇಡಿರೆಂದು ತನ್ನ ಸಿಬ್ಬಂದಿಗೆ ಸೂಚಿಸಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸದಸ್ಯರ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಪತ್ತಿನ ಸಂಘವೂ ಈ ಕಾನೂನಿನ ಕಣ್ಣಿಗೆ ಹೊಣೆಗಾರನೇ.

ಯಂತ್ರ ನಮ್ಮ ಕಚೇರಿಯಲ್ಲೇ ಇರಲಿ ಎನ್ನುವವರು

ಎರಡನೆಯ ಗುಂಪಿನ ಉತ್ತರ ಇದಕ್ಕೇ. ಲೆಕ್ಕ ಇಡುವ ಟ್ಯಾಲಿ ನಮ್ಮ ಅಂಗಡಿಗಳಿಗೆ ಬಂದಾಗ ಅದೂ ಕಾಸು ಕೊಟ್ಟು ಕೊಳ್ಳುವ ತಂತ್ರಾಂಶವೇ ಆಗಿತ್ತು. ಆದರೆ ಲೆಕ್ಕದ ಕಡತ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯಿತು. ಮುಕ್ತ ಮಾದರಿಯನ್ನೂ ಹಾಗೆ ನಡೆಸಬಹುದು ಎನ್ನುತ್ತಾರೆ ಇವರು. ಲೆಕ್ಕ ಇಷ್ಟೇ: 700 ಕೋಟಿ ಪ್ಯಾರಾಮೀಟರುಗಳ ಮಾದರಿಯಲ್ಲಿ ಒಂದೊಂದು ಅಂಕಿಗೆ ಎರಡು ಬೈಟ್ ಹಿಡಿದರೆ 14 ಜಿಬಿ, ನಾಲ್ಕು ಬಿಟ್‌ಗೆ ಕುಗ್ಗಿಸಿದರೆ ಸುಮಾರು 3.5 ಜಿಬಿ. 2023ರಲ್ಲಿ ಬಂದ ಲಾಮಾ.ಸಿಪಿಪಿ ಎಂಬ ಮುಕ್ತ ಪ್ರೋಗ್ರಾಮ್ ಇಂಥದ್ದನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಓಡಿಸುತ್ತದೆ. ಇಂಟರ್‌ನೆಟ್ ಕಡಿದರೂ ಕೆಲಸ ನಿಲ್ಲದು. ಹೆಸ್ಕಾಂ ಕರೆಂಟ್ ಹೋದಾಗ ಯುಪಿಎಸ್ ಇರುವಷ್ಟು ಹೊತ್ತು ನಡೆಯುತ್ತದೆ.

ಇನ್ನೂ ಒಂದು ಲಾಭವಿದೆ. ಬಾಡಿಗೆಯ ಮಾದರಿಯನ್ನು ಕಂಪನಿ ಯಾವಾಗ ಬೇಕಾದರೂ ಬದಲಿಸುತ್ತದೆ, ದರ ಏರಿಸುತ್ತದೆ, ನಿಲ್ಲಿಸಿಬಿಡುತ್ತದೆ. ಇಳಿಸಿಕೊಂಡ ಕಡತ ಇವತ್ತು ಹೇಗಿದೆಯೋ ಐದು ವರ್ಷದ ಮೇಲೂ ಹಾಗೇ ಇರುತ್ತದೆ. ಒಮ್ಮೆ ಪರೀಕ್ಷಿಸಿ ಒಪ್ಪಿದ್ದು ಕೈತಪ್ಪಿ ಬದಲಾಗದು.

ಕೊರತೆ ಎರಡು. ಸಾಮಾನ್ಯ ಕಂಪ್ಯೂಟರಿನಲ್ಲಿ ಹಿಡಿಸುವ ಮಾದರಿ ಚಿಕ್ಕದು, ಚಿಕ್ಕ ಮಾದರಿಯ ಕನ್ನಡ ಬೇಗ ಮುಗ್ಗರಿಸುತ್ತದೆ. ಎರಡನೆಯದು ನೋಡಿಕೊಳ್ಳುವವರ ಕೊರತೆ. ಕಂಪ್ಯೂಟರ್ ಕೆಟ್ಟರೆ ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಜನ ಬರಬೇಕಾದ ಕಡೆ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಪ್ರಮಾಣಪತ್ರದ ನಂಬಿಕೆ, ಪರೀಕ್ಷೆಯ ನಂಬಿಕೆ

‘ವಿಶ್ವಾಸಾರ್ಹ’ ಎಂಬ ಮಾತನ್ನು ಈಗ ಕಂಪನಿಗಳೇ ಹೆಚ್ಚು ಬಳಸುತ್ತಿವೆ. ಐಬಿಎಂನ ಗ್ರಾನೈಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅಪಾಚೆ ಪರವಾನಗಿ, ಕಲಿಕೆಯ ಪಠ್ಯದ ಬಗ್ಗೆ ಸಾಕಷ್ಟು ವಿವರ, ಕೃತಿಸ್ವಾಮ್ಯದ ದಾವೆ ಬಂದರೆ ಗ್ರಾಹಕರ ಬೆನ್ನಿಗೆ ನಿಲ್ಲುವ ಭರವಸೆ ಎಲ್ಲವೂ ಅದರಲ್ಲಿದೆ. ವ್ಯಾಪಾರಕ್ಕೆ ಕೇಳುವುದೆಲ್ಲ ಇದೆ ಎನಿಸುತ್ತದೆ. ಆದರೆ ಗ್ರಾನೈಟ್ 3 ಮಾದರಿಗಳು ಬೆಂಬಲಿಸುವುದಾಗಿ ಹೆಸರಿಸಿರುವ 12 ಭಾಷೆಗಳ ಪಟ್ಟಿಯಲ್ಲಿ ಭಾರತದ ಒಂದು ಭಾಷೆಯೂ ಇಲ್ಲ. ಮೆಟಾದ ಲಾಮಾ 3.1 ಅಧಿಕೃತವಾಗಿ ಒಪ್ಪಿದ ಎಂಟು ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡವಿಲ್ಲ. ಅಂದರೆ ಆ ಕಂಪನಿಗಳು ಸುರಕ್ಷತೆಗಾಗಿ ಮಾಡಿದ ಪರೀಕ್ಷೆ, ಕೊಟ್ಟ ಭರವಸೆ ಕನ್ನಡದ ಬಾಗಿಲಲ್ಲಿ ನಿಂತುಬಿಡುತ್ತವೆ. ನರಗುಂದದ ಅಂಗಡಿಯವರು ಅದೇ ಮಾದರಿಯನ್ನು ಕನ್ನಡದಲ್ಲಿ ಬಳಸಿದಾಗ ಅವರ ಕೈಯಲ್ಲಿರುವುದು ಪರೀಕ್ಷೆಯಾಗದ ಸರಕು.

ಅದರಿಂದ ಏನಾಗಬಹುದು ಎಂಬುದನ್ನು ಇಡೀ ನಾಡೇ ನೋಡಿದೆ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಸೂಚಿಸಿದರು. ಮೆಟಾದ ಸ್ವಯಂಚಾಲಿತ ಅನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮುಖ್ಯಮಂತ್ರಿಗಳೇ ನಿಧನರಾದರೆಂಬ ಅರ್ಥ ಬರುವಂತೆ ಬರೆಯಿತು. ಮುಖ್ಯಮಂತ್ರಿ ಕಚೇರಿ ಕಂಪನಿಗೆ ಪತ್ರ ಬರೆದು, ಕನ್ನಡದ ಅನುವಾದ ಸರಿಯಾಗುವವರೆಗೆ ಅದನ್ನು ನಿಲ್ಲಿಸಬೇಕೆಂದು ಕೇಳಿತು. ಮೆಟಾ ಕ್ಷಮೆ ಕೋರಿತು. ಮುಖ್ಯಮಂತ್ರಿಗಳ ವಿಷಯವಾದ್ದರಿಂದ ತಪ್ಪು ಒಂದೆರಡು ದಿನದಲ್ಲೇ ಬಯಲಾಯಿತು. ಕೀಟನಾಶಕದ ಡಬ್ಬಿಯ ಮೇಲಿನ ಇಂಗ್ಲಿಷ್ ಸೂಚನೆಯನ್ನು ಕನ್ನಡಕ್ಕೆ ತರುವಾಗ ಪ್ರಮಾಣ ತಪ್ಪಿದರೆ, ಸಾಲದ ನೋಟಿಸಿನಲ್ಲಿ ಬಾಕಿದಾರನ ಬದಲು ಜಾಮೀನುದಾರನ ಹೆಸರು ಬಂದರೆ, ಅದು ಯಾರ ಗಮನಕ್ಕೆ ಬರುತ್ತದೆ? ಹೊಲ ಒಣಗಿದ ಮೇಲೆ, ಮನೆಯ ಮರ್ಯಾದೆ ಹೋದ ಮೇಲೆ ಬರುತ್ತದೆ. ನನಗೆ ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಗಂಭೀರವಾಗಿ ಕಾಣುವುದು ಇದೇ.

ಕನ್ನಡ ಹಿಂದುಳಿಯಲು ತಾಂತ್ರಿಕ ಕಾರಣವೂ ಇದೆ. ಮಾದರಿಗಳು ಪಠ್ಯವನ್ನು ಟೋಕನ್ ಎಂಬ ಚೂರುಗಳಾಗಿ ಒಡೆದು ಓದುತ್ತವೆ. ಚೂರು ಮಾಡುವ ಕತ್ತರಿಯನ್ನು ಇಂಗ್ಲಿಷಿಗೆ ಹದಮಾಡಿದ್ದರೆ ಕನ್ನಡದ ಒಂದು ಪದ ಹಲವು ಚೂರಾಗುತ್ತದೆ. ಆಗಿನ ಬಹುಭಾಷಾ ಮಾದರಿಗಳಲ್ಲಿ ಭಾರತೀಯ ಭಾಷೆಯ ಪದವೊಂದಕ್ಕೆ ನಾಲ್ಕರಿಂದ ಎಂಟು ಟೋಕನ್ ಬೇಕಾಗುತ್ತಿತ್ತೆಂದೂ ತನ್ನದರಲ್ಲಿ 1.4ರಿಂದ 2.1 ಸಾಕೆಂದೂ ಸರ್ವಂ ತನ್ನ ಸರ್ವಂ-1 ಮಾದರಿಯ ಜೊತೆ ಹೇಳಿಕೊಂಡಿತ್ತು. ಚಂದಾ ದರ ಟೋಕನ್ ಲೆಕ್ಕದಲ್ಲಿದ್ದರೆ ಕನ್ನಡಿಗ ಅದೇ ಮಾತಿಗೆ ಹೆಚ್ಚು ಹಣ ತೆರುತ್ತಾನೆ, ಉತ್ತರವೂ ತಡವಾಗುತ್ತದೆ. ಮಾದರಿ ಮುಕ್ತವಾಗಿದ್ದರೆ ಈ ಕತ್ತರಿಯನ್ನು ಬದಲಿಸಬಹುದು. ಕನ್ನಡ ಲಾಮಾ ಮಾಡಿದ್ದು ಅದನ್ನೇ. ಮುಚ್ಚಿದ ಮಾದರಿಯಲ್ಲಿ ಆ ಅವಕಾಶವೇ ಇಲ್ಲ. ಮುಕ್ತತೆಯ ಪರವಾಗಿ ನಾನು ಕೇಳಿರುವ ವಾದಗಳಲ್ಲಿ ಕನ್ನಡಕ್ಕೆ ಅತಿ ಹತ್ತಿರವಾದದ್ದು ಇದು.

ಮಾತಿನ ಪ್ರಶ್ನೆ ಇನ್ನೂ ಕಠಿಣ. ರೋಣದ ರೈತ ಬರೆದು ಕೇಳುವುದಿಲ್ಲ, ಮಾತಾಡಿ ಕೇಳುತ್ತಾನೆ. ಅವನ ಮಾತು ಪಠ್ಯಪುಸ್ತಕದ ಕನ್ನಡವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಭಾಷೆಯ ಬದಲು ಜಿಲ್ಲೆಯನ್ನೇ ಘಟಕವಾಗಿ ಹಿಡಿದು, ದೇಶದ 773 ಜಿಲ್ಲೆಗಳ ಧ್ವನಿ ಸಂಗ್ರಹಿಸಿ ಮುಕ್ತವಾಗಿ ಕೊಡುವ ಗುರಿ ಇಟ್ಟುಕೊಂಡಿದೆ. ಸರಿಯಾದ ದಾರಿ ಇದು. ಧಾರವಾಡ, ಗದಗ, ಬಾಗಲಕೋಟೆಯ ಕನ್ನಡವನ್ನು ಮೈಸೂರಿನ ಕನ್ನಡ ಕಲಿತ ಯಂತ್ರ ತಾನಾಗಿ ಅರಿಯುತ್ತದೆ ಎಂದು ಯಾರೂ ಎಣಿಸಬಾರದು.

ಕಣಗಿನಹಾಳದಿಂದ ಬರುವ ಇನ್ನೊಂದು ದಾರಿ

ಹೆಚ್ಚಿನ ಚರ್ಚೆಗಳು ಬಾಡಿಗೆ ಮತ್ತು ಸ್ವಂತ ಎಂಬ ಎರಡರಲ್ಲೇ ಮುಗಿಯುತ್ತವೆ. ಈ ನೆಲಕ್ಕೆ ಮೂರನೆಯದೂ ಗೊತ್ತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ನೋಂದಣಿಯಾಯಿತು. ದೇಶದ ಮೊದಲನೆಯದೆಂದು ಅದನ್ನು ಗೌರವಿಸುತ್ತಾರೆ. ಒಬ್ಬೊಬ್ಬರೇ ಸಾಹುಕಾರನ ಮುಂದೆ ನಿಂತಾಗ ಸಿಗದ ಷರತ್ತು ಕೂಡಿ ನಿಂತಾಗ ಸಿಕ್ಕಿತು.

ಸಂಘವೇ ಮಾದರಿಯನ್ನು ಇಟ್ಟುಕೊಳ್ಳಲಿ ಎನ್ನುವ ವಿಚಾರಕ್ಕೆ ಈ ಹಿನ್ನೆಲೆ ಸಾಕು. ಒಂದು ಅಂಗಡಿಗೆ ಭಾರವಾದ ಗ್ರಾಫಿಕ್ ಕಾರ್ಡಿನ ಕಂಪ್ಯೂಟರ್ ಹಲವು ಸಂಘಗಳು ಸೇರಿದರೆ ಭಾರವಾಗದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 63,000 ಸಂಘಗಳಿಗೆಂದು 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ತಂತ್ರಜ್ಞಾನವನ್ನು ಸಂಘದ ಮೂಲಕ ತರುವ ಪದ್ಧತಿ ಸರ್ಕಾರಕ್ಕೂ ಒಪ್ಪಿಗೆಯೇ ಎಂದಾಯಿತು. 2022ರಲ್ಲೇ ಆರಂಭವಾದ ‘ಭಾಷಿಣಿ’ ಅನುವಾದ ಮತ್ತು ಧ್ವನಿಯ ಸೇವೆಗಳನ್ನು ಸಾರ್ವಜನಿಕ ಸೌಲಭ್ಯವಾಗಿ ಕೊಡುತ್ತಿದೆ. ಕನ್ನಡವೂ ಅದರಲ್ಲಿದೆ.

ದತ್ತಾಂಶದ ಒಡೆತನಕ್ಕೂ ಇಂಥದೇ ಪ್ರಯೋಗ ನಡೆದಿದೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಿಸಿಕೊಂಡು, ಆ ಧ್ವನಿಯನ್ನು ಮತ್ತೆ ಮಾರಿದರೆ ಓದಿದವರಿಗೂ ಪಾಲು ಸಲ್ಲುವ ಕ್ರಮ ಮಾಡಿತು. ಗಜೇಂದ್ರಗಡದ ನೇಕಾರರು ತಮ್ಮ ಅಂಚು, ಸೆರಗಿನ ಚಿತ್ರಗಳನ್ನು ಯಾವುದೋ ಮಾದರಿಗೆ ಸುಮ್ಮನೆ ಉಣಿಸುವ ಮುನ್ನ ಈ ಕ್ರಮವನ್ನು ನೋಡಬೇಕು. ಸಂಘದ ಹೆಸರಿನಲ್ಲಿ ಚಿತ್ರಸಂಗ್ರಹ ಮಾಡಿ ಷರತ್ತು ಹಾಕಿ ಕೊಡುವ ಶಕ್ತಿ ಸಂಘಕ್ಕಿದೆ. ಒಂಟಿ ಮಗ್ಗಕ್ಕೆ ಅದು ಇಲ್ಲ.

ಸಹಕಾರಿ ದಾರಿಯ ಆಕ್ಷೇಪಣೆಯನ್ನೂ ಹೇಳಬೇಕು. ಎಲ್ಲ ಸಂಘಗಳೂ ಚೆನ್ನಾಗಿ ನಡೆಯುತ್ತಿಲ್ಲ. ಲೆಕ್ಕಪರಿಶೋಧನೆಯಲ್ಲೇ ಎಡವುವ ಸಂಘ ಎಐ ಮಾದರಿಯನ್ನು ಪರಿಶೋಧಿಸುತ್ತದೆಯೇ ಎಂದು ಕೇಳುವವರಲ್ಲಿ ನ್ಯಾಯವಿದೆ.

ಬೇಡವೇ ಬೇಡ ಎನ್ನುವವರದು ಕೊನೆಯ ಗುಂಪು. ಪೇಟೆ ಧಾರಣೆ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಸಿಗುತ್ತದೆ, ಬೇಸಾಯದ ಸಲಹೆಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ಊಹಿಸಿ ಬರೆಯುವ ಯಂತ್ರ ಯಾಕೆ ಎನ್ನುತ್ತಾರೆ. ಬೆಲೆ, ಪ್ರಮಾಣ, ಬಾಕಿ ಇಂಥ ನಿಖರ ಅಂಕಿಯ ಕೆಲಸಕ್ಕೆ ಅವರ ಮಾತೇ ಸರಿ. ಅಲ್ಲಿ ಮೂಲ ದಾಖಲೆಯನ್ನೇ ತೋರಿಸಬೇಕು.

ಇನ್ನೂ ಬಗೆಹರಿಯದ್ದು

ತಪ್ಪಿಗೆ ಹೊಣೆ ಯಾರು ಎಂಬುದು ಮೊದಲನೆಯದು. 2024ರ ಫೆಬ್ರುವರಿಯಲ್ಲಿ ಕೆನಡಾದ ನ್ಯಾಯಮಂಡಳಿಯೊಂದು, ಚಾಟ್‌ಬಾಟ್ ಹೇಳಿದ ತಪ್ಪು ಮಾತಿಗೆ ಏರ್ ಕೆನಡಾ ಕಂಪನಿಯೇ ಹೊಣೆ ಎಂದು ತೀರ್ಪಿತ್ತಿತು. ಮಾದರಿ ಮುಚ್ಚಿದ್ದಾದರೆ ಅದನ್ನು ಮಾಡಿದ ಕಂಪನಿಯ ಕಡೆ ಬೊಟ್ಟಾದರೂ ಮಾಡಬಹುದು. ಪುಕ್ಕಟೆ ಇಳಿಸಿಕೊಂಡ ಮುಕ್ತ ಮಾದರಿಯ ಪರವಾನಗಿಯಲ್ಲಿ ಯಾವ ಖಾತರಿಯೂ ಇಲ್ಲ ಎಂದೇ ಬರೆದಿರುತ್ತದೆ. ಆಗ ನಷ್ಟ ತುಂಬಬೇಕಾದವರು ಅಂಗಡಿಯವರೋ, ಮಾದರಿಯನ್ನು ಜೋಡಿಸಿಕೊಟ್ಟವರೋ?

ಕಲಿಕೆಯ ಪಠ್ಯದ ಹಕ್ಕೂ ಹಾಗೇ ಇದೆ. ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರಿನಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲಿ ಎದ್ದ ಪ್ರಶ್ನೆ ನೇಕಾರರ ವಿನ್ಯಾಸಕ್ಕೂ ತಾಗುತ್ತದೆ. ಚಿಕ್ಕ ಮುಕ್ತ ಮಾದರಿಯ ಕನ್ನಡ ದೊಡ್ಡ ಮುಚ್ಚಿದ ಮಾದರಿಯ ಕನ್ನಡಕ್ಕೆ ಎಂದಾದರೂ ಸರಿಸಾಟಿಯಾದೀತೇ, ಕಚೇರಿಯ ಗುಮಾಸ್ತರ ಕೆಲಸ ಹಗುರಾಗುತ್ತದೋ ಇಲ್ಲವಾಗುತ್ತದೋ, ಸಾಲ ಯಾರಿಗೆ ಕೊಡಬೇಕೆಂಬ ನಿರ್ಧಾರದಲ್ಲಿ ಯಂತ್ರಕ್ಕೆ ಎಷ್ಟು ಪಾಲಿರಬೇಕು ಎಂಬುವೂ ತೀರ್ಮಾನವಾಗಿಲ್ಲ. ಕೊನೆಯದರ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಪತ್ರದ ಕರಡು ಯಂತ್ರ ಬರೆಯಲಿ, ಸಾಲದ ತೀರ್ಮಾನ ಮನುಷ್ಯರೇ ಮಾಡಲಿ.

ಕನ್ನಡದ ಪರೀಕ್ಷೆಯನ್ನು ಯಾರು ಮಾಡಬೇಕು ಎಂಬ ಪ್ರಶ್ನೆಯೂ ಉಳಿದಿದೆ. ಇದಕ್ಕಾದರೂ ನಾವು ಕಾಯಬೇಕಾಗಿಲ್ಲ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ಐಐಟಿ, ಐಐಐಟಿ ಇವೆ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ನಮ್ಮ ಅಂಗಡಿ, ಸಂಘಗಳಲ್ಲಿ ನಿಜವಾಗಿ ಬರುವ ನೂರು ಪ್ರಶ್ನೆಗಳನ್ನು ಜನ ಕೇಳಿದ ಮಾತಿನಲ್ಲೇ ಬರೆದಿಟ್ಟು, ಬಲ್ಲವರಿಂದ ಸರಿಯುತ್ತರ ಬರೆಸಿಕೊಂಡರೆ ಯಾವ ಮಾದರಿ ಬಂದರೂ ಅದರ ಮುಂದೆ ಇಡುವ ಪ್ರಶ್ನೆಪತ್ರಿಕೆ ಸಿದ್ಧವಾಗುತ್ತದೆ. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತವೆ. ನೀವು ಸದಸ್ಯರಾಗಿದ್ದರೆ ಈ ಬಾರಿಯ ಸಭೆಯಲ್ಲಿ ಆ ನೂರು ಪ್ರಶ್ನೆಗಳ ವಿಷಯ ಎತ್ತಿರಿ, ಸದಸ್ಯರ ಮಾಹಿತಿ ಈಗ ಯಾವ ಯಂತ್ರಕ್ಕೆ ಹೋಗುತ್ತಿದೆ ಎಂದೂ ಕಾರ್ಯದರ್ಶಿಯವರನ್ನು ಕೇಳಿರಿ.